ಬೆಳಕೂ ಹೋಗಿ ಬರತೈತಿ

ಈಗ ನೆನೆದರೂ ಮೈ ಉರಿಯುತ್ತದೆ. ದುರ್ಗಾಳಂಥ ಕೆಲಸಗಾರ್ತಿಗೆ ಬಾಗಿಲು ತೋರಿಸಿದರಲ್ಲ, ಅದೂ ಒಂದು ಸಹಿಗಾಗಿ!

ದುರ್ಗಾ ಹಳೇ ಹುಬ್ಬಳ್ಳಿಯವಳು. ತಾಯಿ ಸಾವಕ್ಕ ದುರ್ಗದಬೈಲಿನಲ್ಲಿ ಬಳೆ ಮಾರುತ್ತಾಳೆ. ಮುಂಜಾನೆ ಧಾರವಾಡದ ಬಸ್ಸಿನ ಅವಸರದಲ್ಲಿ ಮಗಳು "ಅವ್ವಾ, ಹೋಗ್ತೇನಿ" ಅಂದುಬಿಟ್ಟರೆ ಮುಗಿಯಿತು, ಸಾವಕ್ಕ ಓಣಿಯವರೆಗೂ ಬೆನ್ನು ಹತ್ತುವಳು. "ಹೋಗಿ ಬರ್ತೇನಿ ಅನ್ನಾಕ ಏನ ಧಾಡಿ ನಿಂಗ?" ಬರೀ 'ಹೋಗ್ತೇನಿ' ಎನ್ನುವುದು ತಿರುಗಿ ಬಾರದವರ ಮಾತಂತೆ. ಊಟದ ಹೊತ್ತಿಗೆ ದುರ್ಗಾ ಇದನ್ನು ಅವ್ವನ ದನಿಯಲ್ಲೇ ಹೇಳಿ ನಮ್ಮನ್ನು ನಗಿಸುತ್ತಿದ್ದಳು.

ನಮ್ಮ ಪ್ರಯೋಗಾಲಯದಲ್ಲಿ ಅವಳದು ಒಂಬತ್ತು ವರ್ಷದ ಗುತ್ತಿಗೆ ನೌಕರಿ. ನಾವು ಕಟ್ಟಿದ ಎಕ್ಸ್-ರೇ ಕ್ಯಾಮೆರಾ ಎಷ್ಟು ಚುರುಕು ಎಂದು ಅಳೆಯುವುದು ಅವಳ ಕೆಲಸ. ಲೇಸರಿನ ಒಂದು ಮಿಂಚನ್ನು ಎರಡಾಗಿ ಸೀಳಿ, ಒಂದನ್ನು ನೇರವಾಗಿ ಬಿಟ್ಟು, ಇನ್ನೊಂದನ್ನು ಕನ್ನಡಿಯವರೆಗೆ ಕಳಿಸಿ ವಾಪಸು ತರಿಸಬೇಕು. ಒಂದರ ಹಿಂದೊಂದು ಬಂದು ಲೋಹದ ತಗಡಿಗೆ ಬಡಿದಾಗ ಎರಡು ಎಕ್ಸ್-ರೇ ಹೊಳಪು ಹುಟ್ಟುತ್ತವೆ. ಕನ್ನಡಿಯನ್ನು ಕೂದಲೆಳೆಯಷ್ಟೇ ಸರಿಸುತ್ತ ಎರಡರ ಅಂತರ ಕಡಿಮೆ ಮಾಡಬೇಕು. ಎಷ್ಟು ಚಿಕ್ಕ ಅಂತರದವರೆಗೆ ಕ್ಯಾಮೆರಾ ಅವನ್ನು ಬೇರೆಬೇರೆಯಾಗಿ ತೋರಿಸುತ್ತದೋ ಅಷ್ಟೇ ಅದರ ತಾಕತ್ತು. ದುರ್ಗಾ ಅಳೆದದ್ದು ಹನ್ನೆರಡು ಪಿಕೋಸೆಕೆಂಡು. ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿದರೆ ಅದರಲ್ಲಿ ಹನ್ನೆರಡು ಚೂರು.

ನಮ್ಮ ಮುಖ್ಯಸ್ಥರು ಶಿವಯೋಗೀಶ ಸರ್. ವರದಿಯಲ್ಲಿ ಆರು ಎಂದು ಬರೆದರು. ಕನ್ನಡಿ ಸರಿದ ದೂರವನ್ನಷ್ಟೇ ಹಿಡಿದು, ಬೆಳಕು ಮರಳಿ ಬಂದ ದಾರಿಯನ್ನು ಮರೆತಿದ್ದರು. ತಪ್ಪು ಯಾರಿಂದಲಾದರೂ ಆಗುತ್ತದೆ, ಇರಲಿ. ದುರ್ಗಾ ಎದುರಿಗೇ ಲೆಕ್ಕ ಮಾಡಿ ತೋರಿಸಿದ ಮೇಲೂ ತಿದ್ದಲಿಲ್ಲವಲ್ಲ, ಅದಕ್ಕೆ ನನ್ನ ಸಿಟ್ಟು. ಆರು ಅಂದರೆ ಕ್ಯಾಮೆರಾ ದುಪ್ಪಟ್ಟು ಚುರುಕು. ಹಾಗೆಂದು ಆಗಲೇ ಹಣ ಕೊಡುವ ದಿಲ್ಲಿಯವರ ಮುಂದೆ ಕೊಚ್ಚಿಕೊಂಡು ಬಂದಿದ್ದರು.

"ಸರ, ಬೆಳಕು ಹೋಗಿ ಅಲ್ಲೇ ಕುಂದ್ರೂದಿಲ್ರಿ. ಹೋಗಿ ಬರತೈತಿ," ಅಂದಳು ದುರ್ಗಾ.

"ನನಗ ಕಲಿಸ್ತಿ ಏನ? ಅಳದಾಕಿ ನೀನು, ಸಹಿ ನಿಂದ ಬೇಕು. ಮಾಡಿದ್ರ ನೌಕರಿ ಕಾಯಂ. ಇಲ್ಲಾಂದ್ರ ನಾಳಿಂದ ಬರಬ್ಯಾಡ."

ಅಲ್ಲಿ ನಾವು ನಾಲ್ಕು ಜನ ಇದ್ದೆವು. ಮೂವರು ತಂತಮ್ಮ ಕಂಪ್ಯೂಟರಿನತ್ತ ತಿರುಗಿದರು. ಹಿಂದಿನ ದಿನ ಅವಳ ಲೆಕ್ಕವನ್ನು ತಾಳೆ ನೋಡಿ ಸರಿ ಎಂದವನು ನಾನೇ. ಥೂ ನನ್ನ ಬಾಳಿಗೆ! ನೆಲ ನೋಡುತ್ತ ನಿಂತಿದ್ದೆ.

ದುರ್ಗಾ ಪೆನ್ನು ತೆಗೆದುಕೊಂಡಳು. ಆರನ್ನು ಹೊಡೆದುಹಾಕಿ, ಹನ್ನೆರಡು ಎಂದು ಬರೆದು, ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ಸರ್ ಹಾಳೆಯನ್ನು ಕಸಿದುಕೊಂಡು ಪರಪರ ಹರಿದರು.

ಅವಳು ಬುತ್ತಿಯ ಚೀಲ ಹೆಗಲಿಗೇರಿಸಿದಳು. ಬಾಗಿಲಲ್ಲಿ ನಿಂತು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ನನ್ನನ್ನು ಕೊನೆಗೆ ನೋಡಿದಳು.

"ಹೋಗ್ತೇನ್ರಿ," ಅಂದಳು.