ಗೋಡೆಯೊಳಗಿನ ಮೂರು ವಾಯರು

ಚರ್ಚಾಸ್ಪರ್ಧೆಯಲ್ಲಿ ಢಾಲು ಗೆದ್ದು ತಲೆ ತಿರುಗಿದ್ದ ಗೋಕಾಕದ ಹುಡುಗನನ್ನು ಹುಕ್ಕೇರಿಯ ಕಾಕು ಎರಡೇ ಮಾತಿನಲ್ಲಿ ಸೋಲಿಸಿದಳು ಎಂದು ನಮ್ಮ ಬಳಗದವರು ಈಗಲೂ ಹೇಳುತ್ತಾರೆ. ಆ ಹುಡುಗ ನಾನೇ, ಕಾಕು ನನ್ನ ಚಿಕ್ಕಮ್ಮ. ಅಂದು ನಾನು ಬಾಯಿ ಮುಚ್ಚಿದ್ದು ಖರೆ. ಆದರೆ ಸೋತೇ ಮುಚ್ಚಿದೆ ಎನ್ನಲು ಇವರ ಬಳಿ ಏನು ಸಾಕ್ಷಿ ಇದೆ?

ಆ ವರ್ಷ ಕಾಕಾ ಹುಕ್ಕೇರಿಯ ಮನೆಗೆ ಹೊಸ ಪಡಸಾಲೆ ಕಟ್ಟಿಸಿ, ಗೋಡೆಗೆ ತೂಗುಹಾಕುವ ಚಪ್ಪಟೆ ಟಿವಿ ತಂದಿದ್ದ. ಮೂಡಲಗಿಯ ಟಿವಿ ಮಿಸ್ತ್ರಿ ಗೋಡೆಗೆ ಗಿಲಾವು ಬೀಳುವ ಮೊದಲೇ ಕಪಾಟಿನಿಂದ ಟಿವಿಯವರೆಗೆ ಕೆಂಪು, ಹಸಿರು, ನೀಲಿ ತುದಿಯ ಮೂರು ವಾಯರು ಹೂತಿದ್ದರು. ರಜೆಗೆ ಹೋದ ನಾನು ನೋಡಿದವನೇ ತಕರಾರು ತೆಗೆದೆ. ಇದು ಹಳೆಯ ಅನಲಾಗ್ ಪದ್ಧತಿ. ಚಿತ್ರ ಅಲೆಯಾಗಿ ಹೋಗುತ್ತದೆ, ದಾರಿಯಲ್ಲಿ ಸವೆಯುತ್ತದೆ. ಡಿಜಿಟಲ್ ಕೇಬಲಿನಲ್ಲಿ ಅಂಕಿಯಾಗಿ ಹೊರಟದ್ದು ಅಂಕಿಯಾಗಿಯೇ ಮುಟ್ಟುತ್ತದೆ. ಗೋಡೆ ಒಡೆಸಿ, ಬದಲಿಸಿ ಎಂದೆ.

"ತಮ್ಮಾ, ಈ ಮೂರ ವಾಯರ್‌ನ್ಯಾಗೂ ಎಚ್‌ಡಿ ಬರತೈತಿ," ಎಂದರು ಮಿಸ್ತ್ರಿ.

"ಬರತೈತ್ರಿ, ಆದ್ರ ಮಬ್ಬ ಬರತೈತಿ."

"ನೋಡೀಯೇನು?"

"ಓದೇನ್ರಿ."

"ಹಂಗಾರ ನೀ ಓದಕೋತ ಕುಂದರು. ನಿಮ್ಮ ಕಾಕಾ ಟಿವಿ ನೋಡ್ತಾರು."

ಎಲ್ಲರೂ ನಕ್ಕರು. ಕಾಕಾ ಮಾತ್ರ ನಗಲಿಲ್ಲ. "ಮಿಸ್ತ್ರಿ, ಈ ಊರಾಗ ಎಷ್ಟ ಮನಿಗಿ ನಿಮ್ಮ ಹೆಸರ ಹೇಳೇನಿ. ನನ್ನ ಗ್ವಾಡಿನ ಒಡಿಯೂದಾದ್ರ ಇನ್ನ ಯಾವ ಬಾಯಿಲೆ ಹೇಳ್ಲಿ?"

ಮಿಸ್ತ್ರಿಯ ಕೈಯಲ್ಲಿ ತಿರುಗುತ್ತಿದ್ದ ಸ್ಕ್ರೂಡ್ರೈವರ್ ನಿಂತಿತು. ಹುಕ್ಕೇರಿಯಲ್ಲಿ ಅವರಿಗೆ ಸಿಗುವ ಕೆಲಸವೆಲ್ಲ ಕಾಕಾನ ಮಾತಿನ ಮೇಲೆಯೇ ಎಂದು ನನಗೂ ಗೊತ್ತಿತ್ತು. ನಾಚಿಕೆಯಿಂದ ಬರೆಯುತ್ತಿದ್ದೇನೆ, ಆಗ ನನಗೆ ಅನ್ನಿಸಿದ್ದು ಇಷ್ಟೇ: ನನ್ನ ಪಕ್ಷಕ್ಕೆ ಒಂದು ಅಂಕ.

ತೀರ್ಪಿನ ದಾರಿಯನ್ನು ಕಾಕಾನೇ ಹೇಳಿದ. ಅವನದು ಅರಿವಿ ಅಂಗಡಿ. ಹೊಸ ಸೀರೆ ಬಂದಾಗ ಚೀಟಿಯನ್ನು ಒಳಗೆ ಮಡಚಿ ಕಾಕುವಿನ ಮುಂದೆ ಹಾಸುತ್ತಾರೆ. ಎಲ್ಲಿಯ ಮಗ್ಗ, ಏನು ರೇಟು ಎಂದು ಅವಳಿಗೆ ಯಾರೂ ಹೇಳುವಂತಿಲ್ಲ. ಸರದಿ ಬದಲಿಸಿ ಮತ್ತೆ ಹಾಸುತ್ತಾರೆ. ಎರಡೂ ಸಲ ಅವಳು ಕೈಯಿಟ್ಟದ್ದನ್ನೇ ಕೊಳ್ಳುತ್ತಾರೆ. "ಅದ ರೀತಿ ಇದನ್ನೂ ನೋಡೂಣು," ಎಂದ.

ನನ್ನ ಬಳಿ ಗೆಳೆಯನಿಂದ ಕಡ ತಂದ ಎಚ್‌ಡಿ ಕ್ಯಾಮೆರಾ ಇತ್ತು, ಬೆಳಗಾವಿಯಲ್ಲಿ ಕೊಂಡ ಡಿಜಿಟಲ್ ಕೇಬಲೂ ಇತ್ತು. ಆ ಕೇಬಲನ್ನು ನೆಲದ ಮೇಲೆ ಹಾಯಿಸಿದೆವು. ಕ್ಯಾಮೆರಾದ ಹತ್ತಿರ ಮಿಸ್ತ್ರಿ ನಿಂತರು. ವಾಯರು ಬದಲಿಸಿದಾಗ ಟಿವಿಯ ಮೂಲೆಯಲ್ಲಿ ಅದರ ಹೆಸರು ಮೂಡುತ್ತಿತ್ತು. ಅದು ಮಾಯವಾಗುವ ತನಕ ಕಾಕು ಸೆರಗಿನಿಂದ ಕಣ್ಣು ಮುಚ್ಚಿಕೊಳ್ಳಬೇಕು. ನಾನು ಪಕ್ಕದಲ್ಲೇ ಕುಳಿತು ನೋಡುತ್ತಿದ್ದೆ.

ಮೊದಲು ಗೋಡೆಯೊಳಗಿನ ಮೂರು ವಾಯರು. ಪರದೆಯ ಮೇಲೆ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದ ಗೋಕಾಕದ ಜಲಪಾತ ಬಿತ್ತು. ಹುಟ್ಟಿದಾಗಿನಿಂದ ನೋಡಿದ ನೀರು ಅದು. ಆದರೆ ಬಂಡೆಯ ಅಂಚಿಗೆ ಬಂದ ಕೆಂಪು ನೀರು ಬೀಳುವ ಮೊದಲು ಒಂದು ಕ್ಷಣ ಗಾಜಿನಂತೆ ನುಣುಪಾಗಿ ಬಾಗುತ್ತದೆ, ಆಮೇಲೆ ಹರಿದು ಜಾಲರಿಯಾಗುತ್ತದೆ ಎಂಬುದನ್ನು ನಾನು ತೂಗುಸೇತುವೆಯ ಮೇಲೆ ನಿಂತೂ ಕಂಡಿರಲಿಲ್ಲ. ಮಬ್ಬು ಎಂದು ನಾನು ಹಳಿದ ವಾಯರೇ ಇದನ್ನು ತೋರಿಸುತ್ತಿತ್ತು. "ಅಬಾಬಾ," ಎಂದ ಕಾಕಾ. ಮಿಸ್ತ್ರಿ ನನ್ನತ್ತ ನೋಡಲೂ ಇಲ್ಲ, ನೀರನ್ನೇ ನೋಡುತ್ತಿದ್ದರು.

ಎರಡನೆಯದು ಡಿಜಿಟಲ್. ಅದೇ ನೀರು, ಅದೇ ಸೇತುವೆ. ಸೇತುವೆಯ ಮೇಲೆ, ಮೊದಲ ಸಲ ನಾನು ಗಮನಿಸದ ಇಳಕಲ್ ಸೀರೆಯ ಹೆಂಗಸೊಬ್ಬಳು ಕ್ಯಾಮೆರಾದ ತೀರ ಹತ್ತಿರ ಹಾದುಹೋದಳು. ನನಗೆ ಕಂಡದ್ದು ಕೆಂಪು ಸೆರಗು ಮಾತ್ರ. ಕಾಕು ಆ ಸೀರೆಯ ನೇಯ್ಗೆ ನೋಡಿ ತನ್ನಷ್ಟಕ್ಕೇ ಗೊಣಗಿದಳು: "ಅಂಚಿನ್ಯಾಗ ಒಂದ ಎಳಿ ಬಿಟ್ಟೈತಿ."

ಮೂರನೆಯ ಸಲ ಮತ್ತೆ ಗೋಡೆಯ ವಾಯರು. ಹೆಂಗಸು ಬಂದಾಗ ಕಾಕು ಮುಂದೆ ಬಾಗಿದಳು. ಕಣ್ಣು ಕಿರಿದು ಮಾಡಿದಳು. ಹಿಂದೆ ಸರಿದಳು. ಆಮೇಲೆ ಪರದೆಯನ್ನಲ್ಲ, ಪ್ಲಗ್ ಹಿಡಿದು ನಿಂತಿದ್ದ ಮಿಸ್ತ್ರಿಯ ಕೈಗಳನ್ನು ನೋಡಿದಳು.

"ಎರಡೂ ಒಂದ," ಎಂದಳು. "ಗ್ವಾಡಿ ಮುಟ್ಟಬ್ಯಾಡ್ರಿ. ಚಾ ಕುಡೀರಿ."

ಕಾಕು ಆ ಎಳೆಯ ಮಾತು ಆಡಿದ್ದು ಡಿಜಿಟಲ್ ಕೇಬಲಿನ ಸಲ ಎಂದು ನನಗೆ ಗೊತ್ತಿತ್ತು. ಹೇಳಬಹುದಿತ್ತು. ಹೇಳಲಿಲ್ಲ, ಹೇಳಿದ್ದರೆ ಬಸಿಯಲ್ಲಿ ಚಹ ಸುರುವಿಕೊಳ್ಳುತ್ತಿದ್ದ ಮಿಸ್ತ್ರಿಗೆ ಈ ಊರಿನಲ್ಲಿ ಕೆಲಸ ಉಳಿಯುತ್ತಿರಲಿಲ್ಲ.

ನನ್ನ ವಿರುದ್ಧ ನಾನೇ ವಾದಿಸಿ ನೋಡಿದ್ದೇನೆ. ಗೊಣಗಿದ್ದು ಪುರಾವೆಯಲ್ಲ. ಎರಡನೆಯ ಸಲಕ್ಕೆ ಅವಳ ಕಣ್ಣು ಪಳಗಿರಬಹುದು. ಮೂರನೆಯ ಸಲವೂ ಆ ಎಳೆ ಕಂಡಿರಬಹುದು, ಒಮ್ಮೆ ಹೇಳಿದ್ದನ್ನು ಮತ್ತೆ ಯಾಕೆ ಹೇಳಬೇಕು? ಎಲ್ಲ ಒಪ್ಪುತ್ತೇನೆ. ಆದರೆ ಹರಿಯುವ ನೀರು, ಹಾರುವ ಸೆರಗು, ಅದರ ನಡುವೆ ಇಲ್ಲದ ಒಂದು ಎಳೆಯನ್ನು ಕಂಡ ಆ ಕಣ್ಣುಗಳನ್ನು ನೆನೆದರೆ ಇಂದಿಗೂ ಮೈ ಝುಂ ಅನ್ನುತ್ತದೆ. ಅಂಥ ಕಣ್ಣಿಗೆ ಎರಡೂ ಒಂದೇ ಆದೀತೇ?

ಗೋಡೆ ಹಾಗೆಯೇ ಇದೆ. ಮಿಸ್ತ್ರಿ ಈಗಲೂ ಮೂಡಲಗಿಯಿಂದ ಬಸ್ಸು ಹತ್ತಿ ಹುಕ್ಕೇರಿಗೆ ಬರುತ್ತಾರೆ. ಮೊನ್ನೆ ಅಂಗಡಿಗೆ ಹೋದಾಗ ಕಾಕು ಒಬ್ಬಳೇ ಇದ್ದಳು. ಹೊಸ ಸೀರೆಯೊಂದರ ಚೀಟಿಯನ್ನು ನಾನೇ ಒಳಗೆ ಮಡಚಿ ಅವಳ ಮುಂದೆ ಹಾಸಿದೆ. ಅವಳ ಬೆರಳು ಅಂಚಿನ ಮೇಲೆ ಹರಿಯುತ್ತಿರುವಾಗಲೇ ಕೇಳಿದೆ:

"ಕಾಕು, ಅವತ್ತ ಮೂರನೇ ಸಲ, ಆ ಬಿಟ್ಟ ಎಳಿ ನಿನಗ ಕಂಡಿತ್ತೇನು?"