ಬದರಿನಾಥ ಪ್ರೆಸ್ಟೀಜ್ ಇಳಿಸಿದ್ದು

ಅಮೆರಿಕದ ಹರ್ನ್‌ಡನ್ನಿನಲ್ಲಿದ್ದ ಬದರಿನಾಥ ವಾರವೆಲ್ಲ ಯಾರದೋ ಕಂಪನಿಗೆ ಕೋಡ್ ಬರೆದು, ಶನಿವಾರ ಬಂತೆಂದರೆ ತನ್ನದೇ ಬ್ಯಾಸ್ಕೆಟ್‌ಬಾಲ್ ಲೀಗಿಗೆ ಕೂತುಬಿಡುತ್ತಿದ್ದ. ಜೀವಮಾನದಲ್ಲಿ ಒಮ್ಮೆಯೂ ಚೆಂಡನ್ನು ಬುಟ್ಟಿಗೆ ಹಾಕಿದವನಲ್ಲ! ಆದರೆ 2004ರಲ್ಲಿ ಅವನು ಕಟ್ಟಿದ ಆನ್‌ಲೈನ್ ಆಟದಲ್ಲಿ ಊರೂರಿನ ಜನ ಕಂಪ್ಯೂಟರಿನೊಳಗಿನ ಕಾಲೇಜು ತಂಡಗಳಿಗೆ ಕೋಚ್ ಆಗಿ, ಒಳ್ಳೊಳ್ಳೆಯ ಆಟಗಾರರನ್ನು ಸೆಳೆಯಲು ಜಿದ್ದಿಗೆ ಬಿದ್ದು ಆಡುತ್ತಿದ್ದರು.

ತೊಡಕಿದ್ದದ್ದು ಒಂದೇ ಕಡೆ. ಪ್ರತಿ ತಂಡಕ್ಕೂ ಪ್ರೆಸ್ಟೀಜ್ ಎಂಬ ಅಂಕವಿತ್ತು. ಅದು ಹೆಚ್ಚಿದ್ದಲ್ಲಿಗೇ ಒಳ್ಳೆಯ ಹುಡುಗರು, ಅವರಿದ್ದಲ್ಲೇ ಗೆಲುವು, ಗೆದ್ದಲ್ಲೇ ಮತ್ತಷ್ಟು ಪ್ರೆಸ್ಟೀಜ್. ರಾಕ್‌ವಿಲ್‌ನ ಗೆಳೆಯ ಮುರಳೀಧರನ ತಂಡ ಆಕಾಶಕ್ಕೇರಿ ಕೂತಿತ್ತು. ಕೆಳಗಿನವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕೊನೆಗೆ, ಸೌತ್ ಕ್ಯಾರೊಲಿನಾದ ಪೈನ್‌ಬ್ರೂಕ್ ಎಂಬ ಪುಟ್ಟ ತಂಡ ನಡೆಸುತ್ತಿದ್ದ ಅಶ್ವಿತಾ ಅಟ್ಲಾಂಟಾದಿಂದ ಫೋನ್ ಮಾಡಿದಳು.

"ಅಂಕಲ್, ಈ ಸೀಸನ್ ಆದ್ಮೇಲೆ ನಾನು ಬಿಡ್ತೀನಿ. ಎಷ್ಟ್ ಗೆದ್ರೂ ನನ್ ಟೀಮ್‌ಗೆ ಯಾರೂ ಬರಲ್ಲ."

ಇನ್ನೊಂದೇ ಸೀಸನ್ ಇರು ಎಂದು ಬದರಿ ಗೋಗರೆದು ಒಪ್ಪಿಸಿದ. ಅವಳೂ ಹೋದರೆ ಲೀಗ್ ಮುಚ್ಚುವುದೊಂದೇ ದಾರಿ. ಎಲ್ಲರ ಪ್ರೆಸ್ಟೀಜನ್ನೂ ಸೊನ್ನೆಗೆ ತಂದು ಹೊಸದಾಗಿ ಶುರುಮಾಡೋಣವೆಂದು ಭಾನುವಾರ ಮುರಳೀಧರನಿಗೆ ಫೋನ್ ಹಚ್ಚಿದರೆ, ಹಾಗಾದರೆ ತಾನು ಇಷ್ಟು ವರ್ಷ ಗೆದ್ದದ್ದಕ್ಕೆ ಬೆಲೆಯೇನು ಎಂದು ಅವನ ತಕರಾರು. ಅದೂ ನ್ಯಾಯವೇ. ತಲೆಕೆಟ್ಟ ಬದರಿ ದನಿ ಏರಿಸಿದ.

"ಪ್ರೆಸ್ಟೀಜ್ ಜಾಸ್ತಿ ಆಗ್ಬಿಟ್ಟಿದೆ ಕಣೋ, ಇಳಿಸ್ಲೇಬೇಕು."

ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿ ಮೈಥಿಲಿ ಅಡುಗೆಮನೆಗೆ ಓಡಿ, ಮೈಸೂರಿನಿಂದ ಹೊತ್ತು ತಂದಿದ್ದ ಪ್ರೆಸ್ಟೀಜ್ ಕುಕ್ಕರನ್ನು ಇಳಿಸಿಯೇಬಿಟ್ಟಳು. ಬೇಳೆ ಇನ್ನೂ ಬೆಂದಿರಲಿಲ್ಲ. ಹೇಳಿದ್ದು ಟೀಮಿನ ಪ್ರೆಸ್ಟೀಜ್ ಎಂದು ತಿಳಿದಾಗ ಅವಳಿಗೆ ರೇಗಿತು.

"ಜಾಸ್ತಿ ಆದ್ರೆ ಅದೇ ಕೂಗತ್ತಲ್ರೀ, ನೀವ್ಯಾಕೆ ಕೂಗ್ತೀರಾ?"

ಫೋನಿನ ಆಚೆ ಮುರಳೀಧರ ಬಿದ್ದು ಬಿದ್ದು ನಗುತ್ತಿದ್ದ. ಬದರಿಗೆ ಮಾತ್ರ ಆ ಮಾತಿನಲ್ಲೇ ದಾರಿ ಹೊಳೆಯಿತು. ಹೌದಲ್ಲ, ಕುಕ್ಕರನ್ನು ಯಾರೂ ಖಾಲಿ ಮಾಡುವುದಿಲ್ಲ, ಮಿತಿ ಮೀರಿದ ಆವಿಯಷ್ಟೇ ಹೊರಗೆ ಹೋಗುತ್ತದೆ! ಹಾಗೆಯೇ ದೊಡ್ಡ ತಂಡಗಳ ಹೆಚ್ಚುವರಿ ಪ್ರೆಸ್ಟೀಜ್ ಪ್ರತಿ ಸೀಸನ್ ಸೋರಿ, ಅಂದಾಜು ಮೀರಿ ಗೆದ್ದ ಸಣ್ಣ ತಂಡಗಳಿಗೆ ಸೇರಲಿ. ಅಷ್ಟಾದರೆ ಪರವಾಗಿಲ್ಲ ಎಂದು ಮುರಳೀಧರನೂ ಒಪ್ಪಿದ.

ಹೊಸ ಸೀಸನ್ನಿನ ಮೊದಲ ವಾರವೇ ಅಶ್ವಿತಾಳ ಫೋನ್. ಷಾರ್ಲೆಟ್‌ನ ಎತ್ತರದ ಹುಡುಗನೊಬ್ಬ ಮುರಳೀಧರನ ತಂಡವನ್ನು ಒಲ್ಲೆನೆಂದು ಪೈನ್‌ಬ್ರೂಕ್ ಸೇರಿದ್ದ. ಕಂಪ್ಯೂಟರಿನಲ್ಲಿ ಮಾತ್ರ ಇರುವ ಹುಡುಗ, ಆದರೂ ಅವನ ಎತ್ತರವನ್ನು ಅವಳು ಎರಡೆರಡು ಸಲ ಹೇಳಿದಳು.

"ಅವ್ನು ಕಾಲೇಜ್ ಮುಗಿಯೋವರ್ಗೂ ನಾಲ್ಕ್ ವರ್ಷ ಇರ್ತಾನೆ ಅಂಕಲ್. ನಾನೂ ಇರ್ತೀನಿ."