ದಾಲ್ ಮಿಲ್ಲಿನ ಅಂಗಳದಲ್ಲಿ ನನ್ನ ಬಿಸಿಲಿನ ಆ್ಯಪ್

ಸ್ವಲ್ಪ ತಡೀರಿ, ಅರ್ಧಕ್ಕೆ ಬಿಟ್ಟು ಹೋಗಬೇಡಿ. ನಾನು ಮಾಡಿದ ಆ್ಯಪನ್ನು ಎಲ್ಲರೂ ಓದಿದರು, ನಂಬಿದರು. ಆದರೂ ನಡೆದದ್ದು ಪೂರಾ ಉಲ್ಟಾ.

ಕಳೆದ ಏಪ್ರಿಲ್ ಮಾತು. ತೆಲಂಗಾಣದ ಗಡಿಯ ನಾರಾಯಣಖೇಡದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಆ್ಯಪ್ ಮಾಡುವುದನ್ನು ವಿಡಿಯೊ ನೋಡಿ ಕಲಿತವನು ನಾನು. ಬಯಲಲ್ಲಿ ದುಡಿಯುವವರಿಗೆ ಬಿಸಿಲಿನ ಎಚ್ಚರಿಕೆ ಕೊಡಲೆಂದೇ ಒಂದನ್ನು ಮಾಡಿದೆ. ಅಪಾಯದ ದಿನ ಅದು ದೊಡ್ಡ ಕೆಂಪು ಸೂರ್ಯನನ್ನು ತೋರಿಸಿ, 'ಹನ್ನೊಂದರಿಂದ ನಾಲ್ಕರವರೆಗೆ ಉರಿಬಿಸಿಲು' ಅನ್ನುತ್ತಿತ್ತು. ಮೊದಲು ಹಾಕಿಕೊಟ್ಟದ್ದು ನನ್ನ ಚಿಕ್ಕಪ್ಪನ ಹೆಂಡತಿ ಚಂದ್ರಮ್ಮ ಕಾಕಿಯ ಫೋನಿಗೆ. ಕಾಕಿ ಕೆಲಸ ಮಾಡುವ ದಾಲ್ ಮಿಲ್ಲಿನಲ್ಲಿ ತೊಗರಿಗೆ ಎಣ್ಣೆ ಸವರಿ, ಒಣಗಲೆಂದು ಅಂಗಳದಲ್ಲಿ ಹರಡುತ್ತಾರೆ. ಹೆಂಗಸರು ಕಾಲಿನಿಂದ ಸಾಲು ಎಳೆಯುತ್ತಾ ಅದನ್ನು ತಿರುವುತ್ತಾರೆ.

ಒಂದು ದಿನ ಕೆಂಪು ಸೂರ್ಯ ಬಂದ. ಎಲ್ಲರೂ ನೆರಳಲ್ಲಿ ಕೂತಿರುತ್ತಾರೆಂದು ಮಧ್ಯಾಹ್ನ ಖುಷಿಯಿಂದ ಮಿಲ್ಲಿಗೆ ಹೋದೆ. ನೋಡಿದರೆ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ತೊಗರಿ, ಎಂದಿಗಿಂತ ಹೆಚ್ಚು ಹೆಂಗಸರು. ಮಾಲೀಕರು ನನ್ನ ಬೆನ್ನು ತಟ್ಟಿದರು.

"ಭಾರಿ ಛಲೋ ಮಾಡಿದಿ ತಮ್ಮಾ. ಕಡಕ್ ಬಿಸಿಲು ಯಾವಾಗ ಅಂತ ಮುಂಚೇನೇ ಹೇಳ್ತದ. ನಿಮ್ಮ ಕಾಕಿ ತೋರಿಸಿದಳು, ಇದ್ದ ಚೀಲ ಎಲ್ಲಾ ಹೊರಗ ಹಾಕಿಸೀನಿ."

ಅಷ್ಟರಲ್ಲಿ ಕಾಕಿ ತೊಗರಿಯ ಮೇಲೇ ಕುಸಿದಳು. ವಾಂತಿಯಾಯಿತು, ಕೇಳಿದ್ದಕ್ಕೆಲ್ಲ ಏನೇನೋ ಉತ್ತರ. ನೆರಳಿಗೆ ಎತ್ತಿ ತಂದು, ಮೈಮೇಲೆ ನೀರು ಹಾಕಿ, ಗಾಳಿ ಬೀಸುತ್ತಾ ಆಟೊದಲ್ಲಿ ಆಸ್ಪತ್ರೆಗೆ ಒಯ್ದೆವು. ಸಂಜೆಗೆ ಚೇತರಿಸಿಕೊಂಡಳು.

ಮರುದಿನ ಸೂರ್ಯನನ್ನು ತೆಗೆದು, ನೆರಳಲ್ಲಿ ಕೂತ ಹೆಂಗಸಿನ ಚಿತ್ರ ಹಾಕಿದೆ. ಮಿಲ್ಲಿನ ಲೆಕ್ಕ ಬರೆಯುವ ಮುನೀಮರು ನೋಡಿ, ಇದು ಊಟದ ಹೊತ್ತಾ ಎಂದು ಕೇಳಿದರು. ತಲೆ ಕೆಟ್ಟು ಕಾಕಿಯ ಬಳಿಯೇ ಹೋದೆ. ಕೆಂಪು ನೋಡಿಯೂ ಬಿಸಿಲಿಗೆ ಯಾಕೆ ಇಳಿದೆ ಎಂದು ಕೇಳಿದೆ.

"ಕಾಳಿಗಿ ಬಿಸಿಲು ಬೇಕಲ್ಲೋ ಮಲ್ಲು. ಅದು ಕಾಳಿನ ಮಾತು ಅಂದ್ಕೊಂಡೆ. ನನ್ನ ಮಾತು ಅದರಾಗ ಎಲ್ಲಿತ್ತು?"

ಈಗ ಆ್ಯಪಿನಲ್ಲಿ ಎರಡು ಸಾಲಿವೆ: ಕಾಳು ಹೊರಗಿರಲಿ, ಮಂದಿ ಒಳಗೆ ಬರಲಿ. ತಿರುವದಿದ್ದರೆ ಒಣಗಲು ಇನ್ನೊಂದು ದಿನ ಬೇಕೆಂದು ಮಾಲೀಕರು ಗೊಣಗಿದರು. ಆದರೂ ಮಧ್ಯಾಹ್ನ ತಿರುವುವುದನ್ನು ನಿಲ್ಲಿಸಿದ್ದಾರೆ. ಆ್ಯಪ್ ನೋಡಿಯೋ, ಕಾಕಿ ಬಿದ್ದದ್ದನ್ನು ನೋಡಿಯೋ, ನನಗೆ ಇನ್ನೂ ಗೊತ್ತಾಗಿಲ್ಲ. ಬಿಸಿಲು ಎಷ್ಟಿದೆ ಅಂತ ಹೇಳಿ ಸುಮ್ಮನಾಗಬಾರದು, ಯಾರು ಏನು ಮಾಡಬೇಕು ಅಂತಲೂ ಹೇಳಬೇಕು ಅನ್ನುವಷ್ಟು ಮಾತ್ರ ಕಲಿತೆ.

ತಾಂಡೂರಿನ ಕಲ್ಲಿನ ಗಣಿಯವರು, ಜಹೀರಾಬಾದಿನ ಕಬ್ಬಿನ ಹೊಲದವರು ನನ್ನ ಎರಡು ಸಾಲನ್ನು ಹೇಗೆ ಓದುತ್ತಾರೋ ತಿಳಿಯದು. ನೀವು ಬಿಸಿಲಲ್ಲಿ ದುಡಿಯುವವರಾದರೆ, ಕೆಲಸ ನಿಲ್ಲಿಸಿ ಎಂಬ ಮಾತು ನಿಮಗೆ ಹೇಗೆ ತಲುಪುತ್ತದೆ? ನಿಮ್ಮ ಅನುಭವ ಬರೆದು ತಿಳಿಸಿ.